ಮುಟ್ಟದೆ ಬಿಟ್ಟ ರೊಟ್ಟಿ

ಪ್ರೀತಿಯ ಅಪ್ಪಾ,

ನಿನ್ನ ರೂತಿ ಬರೆಯುವುದು. ನೀನೀಗ ಇರುವ ಕಡೆ ಕನ್ನಡಕ ಬೇಕಾಗುವುದಿಲ್ಲ ಅಂತ ನಂಬಿದ್ದೇನೆ, ಹಾಗಾಗಿ ಅಕ್ಷರ ಸಣ್ಣದಾಯಿತು ಅಂತ ಗೊಣಗಬೇಡ. ನಿನ್ನ ಜೊತೆ ನನ್ನದೊಂದು ಜಗಳ ಅರ್ಧಕ್ಕೇ ನಿಂತಿದೆ. ನೀನು ಹೋಗಿಬಿಟ್ಟೆ ಅಂತ ಅದು ಮುಗಿಯಿತು ಅಂದುಕೊಂಡೆಯಾ? ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ಜನ ಹೇಳುತ್ತಾರೆ. ಹೇಳಲಿ. ಅವರೇನು ನಿನ್ನ ಜೊತೆ ಒಂದೇ ಮನೆಯಲ್ಲಿ ಮಾತು ಬಿಟ್ಟು ಬದುಕಿದವರೇ?

ಮೊನ್ನೆ ಮೂಡಲಗಿ ಬಸ್ಸು ಹತ್ತಿದಾಗ ಡ್ರೈವರ್ ಹಿಂದಿನ ಸೀಟೇ ಸಿಕ್ಕಿತು. ಡ್ರೈವರ್ ಕೆಲಸದಿಂದ ನಿವೃತ್ತಿಯಾದ ಮೇಲೆ ನೀನು ಹಟ ಹಿಡಿದು ಕೂಡುತ್ತಿದ್ದ ಸೀಟು. ಮುಂದೆ ಎಮ್ಮೆ ಅಡ್ಡ ಬಂದರೆ ಸಾಕು, ಅಲ್ಲಿ ಕೂತೇ ನೀನು ಬ್ರೇಕ್ ಒತ್ತುತ್ತಿದ್ದೆ. ಬೂಟು ತಗಡಿಗೆ ಬಡಿದು ಸದ್ದಾಗುತ್ತಿತ್ತು. ಹೊಸ ಡ್ರೈವರ್‌ಗಳು ಕನ್ನಡಿಯಲ್ಲಿ ನೋಡಿ, "ಸಮುವೇಲ್ ಕಾಕಾ, ಗಾಡಿ ನಾ ಹೊಡ್ಯಾಕತ್ತೇನಿ, ನೀವು ಆರಾಮ ಕುಂದರ್ರಿ" ಅಂತ ನಗುತ್ತಿದ್ದರು. ಅದು ನೆನಪಾಗಿ ನಾನೂ ನಕ್ಕೆ, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡೆ. ಪಕ್ಕದ ಹೆಂಗಸು, "ಹೊಟ್ಟಿ ತೊಳಸಾಕತ್ತೈತೇನವಾ, ಕಿಡಕಿ ಕಡೆ ಬರ್ತೀಯೇನು?" ಅಂದಳು. ಅಪ್ಪನ ನೆನಪಾಯಿತು ಅಂತ ತುಂಬಿದ ಬಸ್ಸಿನಲ್ಲಿ ಹೇಗೆ ಹೇಳುವುದು? ಹೂಂ ಅಂದು ಕಿಟಕಿಗೆ ಸರಿದೆ.

ಪ್ರಭಾಕರ ನನ್ನನ್ನು ನೋಡಲು ಬಂದ ದಿನ ನಿನಗೆ ನೆನಪಿದೆಯಾ? ಹುಡುಗ ಮೂಡಲಗಿಯವನು, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ ಅಂತ ಗೊತ್ತಾದದ್ದೇ ತಡ, ನೀನು ಪಗಾರ ಕೇಳಲಿಲ್ಲ, ಮನೆ ಕೇಳಲಿಲ್ಲ, "ತುಂಬಿದ ಟ್ರೇಲರ್ ತಗೊಂಡು ಇಳಿಜಾರಿಗೆ ಬಂದಾಗ ಏನ್ ಮಾಡ್ತಿ?" ಅಂತ ಕೇಳಿದೆ. ಅವನು ಸರಿಯಾಗಿ ಉತ್ತರ ಕೊಟ್ಟ, ನೀನು ಮಗಳನ್ನು ಕೊಟ್ಟೆ. ಅವ್ವ ಒಳಗೆ ಹಣೆ ಬಡಿದುಕೊಂಡಳು. ಆದರೆ ಒಳ್ಳೆಯವನಿದ್ದ ಅಪ್ಪಾ. ಭಾನುವಾರ ಚರ್ಚಿಗೆ ಬಾ ಅಂದರೆ ಟ್ರ್ಯಾಕ್ಟರ್ ಕೆಟ್ಟಿದೆ ಅನ್ನುತ್ತಿದ್ದ, ಅದೊಂದು ಬಿಟ್ಟರೆ ಅವನಲ್ಲಿ ಸುಳ್ಳಿರಲಿಲ್ಲ.

ನನ್ನ ಮಗಳು ಆಶಾ ತೊಟ್ಟಿಲಲ್ಲಿದ್ದ ಚಳಿಗಾಲ ಅದು. ಸೀಜನ್ ಬಂತೆಂದರೆ ಸಕ್ಕರೆ ಕಾರ್ಖಾನೆಯ ಮುಂದೆ ಗಾಡಿಗಳು ಮೈಲುಗಟ್ಟಲೆ ಪಾಳಿ ಹಚ್ಚುತ್ತವೆ, ನಿನಗೆ ನಾನು ಹೇಳಬೇಕೆ? ಅಲ್ಲೇ ಟ್ರೇಲರ್ ಕೆಳಗೆ ಅಡುಗೆ, ಅಲ್ಲೇ ನಿದ್ದೆ. ಹುಕ್ಕೇರಿ ಕಡೆಯ ಯಾಕೋಬ ಎಂಬುವನು ಪಾಳಿ ಮುರಿದು ಗಾಡಿಯನ್ನು ಮುಂದೆ ನುಗ್ಗಿಸಿದ. ನನ್ನ ಗಂಡ ಅಡ್ಡ ನಿಂತ. ಮಾತಿಗೆ ಮಾತು ಬೆಳೆಯಿತು, ಯಾಕೋಬನ ಕೈಯಲ್ಲಿ ಜಾಕಿನ ರಾಡು ಇತ್ತು... ಅವನೂ ನಮ್ಮಂತೆ ಕ್ರೈಸ್ತನೇ, ಆದರೆ ಹೆಸರಿಗಷ್ಟೇ, ಚರ್ಚಿನ ಮೆಟ್ಟಿಲು ಹತ್ತಿದವನಲ್ಲ ಅಂತ ಆಮೇಲೆ ತಿಳಿಯಿತು. ಅವನಿಗೆ ಜೀವಾವಧಿ ಆಯಿತು. ನಾನು ಕೂಸನ್ನೆತ್ತಿಕೊಂಡು ಗೋಕಾಕಕ್ಕೆ, ನಿನ್ನ ಮನೆಗೆ ಬಂದೆ. ಅವ್ವ ಆಗಲೇ ತೀರಿಹೋಗಿದ್ದಳು. ನೀನು ಹಿತ್ತಲಲ್ಲಿ ದೊಡ್ಡ ಒಲೆ ಹಾಕಿಸಿ, "ರೊಟ್ಟಿ ಬಡದು ಮಾರು ರೂತಿ, ಕೈ ಸುಮ್ನ ಕುಂತ್ರ ತಲಿ ಕೆಡ್ತೈತಿ" ಅಂದೆ. ಅಂದಿನಿಂದ ಗೋಕಾಕದ ಅರ್ಧ ಖಾನಾವಳಿಗಳು ನನ್ನ ಕೈಯ ಜೋಳದ ರೊಟ್ಟಿ ತಿನ್ನುತ್ತಿವೆ.

ಒಂದು ಕ್ರಿಸ್‌ಮಸ್‌ಗೆ ನಮ್ಮ ಚರ್ಚಿನ ಸಭೆಯವರೆಲ್ಲ ಬೆಳಗಾವಿಯ ಜೈಲಿನಲ್ಲಿ ಹಾಡಿ ಪ್ರಾರ್ಥನೆ ಮಾಡಲು ಹೊರಟರು. ನೀನು ಸಭೆಯ ಹಿರಿಯ, ಹೋಗಲೇಬೇಕಿತ್ತು. ತಿರುಗಿ ಬಂದವನು ಕೈಕಾಲು ತೊಳೆಯದೆ ಒಲೆಯ ಮುಂದೆ ನಿಂತೆ. "ಯಾಕೋಬ ಅಲ್ಲೇ ಅದಾನ. ಬಾಳ ಅತ್ತ. ನಾ ಅವನ ಕೈ ಹಿಡದು ಪ್ರಾರ್ಥನಾ ಮಾಡಿ ಬಂದೀನಿ" ಅಂದೆ. ನನಗೆ ಮೈಯೆಲ್ಲ ಉರಿದುಹೋಯಿತು. "ಯಾವ ಕೈ ಅಪ್ಪಾ? ರಾಡ್ ಹಿಡದ ಕೈಯೇನು?" ಅಂತ ಕೇಳಿದೆ. ನೀನು ಕೈಕಾಲು ತೊಳೆಯಲು ಬಚ್ಚಲಿಗೆ ನಡೆದೆ. ಮುಂದಿನ ತಿಂಗಳು ಮತ್ತೆ ಜೈಲಿಗೆ ಹೋದೆ. ಅದರ ಮುಂದಿನ ತಿಂಗಳೂ.

ಆಗ ನಾವು ಮಾತು ಬಿಟ್ಟದ್ದು ನೆನೆಸಿಕೊಂಡರೆ ಈಗ ನಗಬೇಕೋ ಅಳಬೇಕೋ ತಿಳಿಯದು. ತಾಟು ನಿನ್ನ ಮುಂದಿಟ್ಟು ನಾನು ಗೋಡೆಗೆ ಮುಖ ಮಾಡಿ, "ಆಶಾ, ನಿಮ್ಮ ಅಜ್ಜಗ ಹೇಳು, ಸಾರು ಬಿಸಿ ಐತಿ" ಅನ್ನುವುದು. ನೀನು ತಾಟಿಗೆ ಮುಖ ಮಾಡಿ, "ಆಶಾ, ನಿಮ್ಮ ಅವ್ವಗ ಹೇಳು, ಉಪ್ಪು ಕಡಿಮಿ ಐತಿ" ಅನ್ನುವುದು. ಆಶಾ ಒಂದು ದಿನ ಸಿಟ್ಟಿನಿಂದ, "ಇಬ್ರೂ ಎದುರಾಬದುರು ಕುಂತೀರಿ, ನಾ ಏನ್ ಪೋಸ್ಟಮನ್ ಏನು?" ಅಂತ ಎದ್ದು ಹೋದಳು. ಅವಳಿಲ್ಲದೆ ಉಪ್ಪು ಕೇಳುವವರಿರಲಿಲ್ಲ, ನೀನು ಸಪ್ಪೆ ಉಂಡೆ. ಬರಬರುತ್ತ ಉಪ್ಪು, ಹುಳಿ, ಕರೆಂಟ್ ಬಿಲ್ಲು, ಆಶಾಳ ಸಾಲೆ, ಎಲ್ಲದರ ಬಗ್ಗೆ ಮಾತು ಶುರುವಾಯಿತು. ಆ ಒಂದು ಮಾತು ಬಿಟ್ಟು.

ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ ಹಂಚಿ ತಿನ್ನುವ ಪ್ರಭು ಭೋಜನದ ದಿನಗಳೂ ನೆನಪಾಗುತ್ತವೆ. ನಮ್ಮ ಸಣ್ಣ ಚರ್ಚಿಗೆ ಆ ರೊಟ್ಟಿ ಪೇಟೆಯಿಂದ ಬರುವುದಲ್ಲ. ಗೋಧಿ ಹಿಟ್ಟಿಗೆ ಉಪ್ಪು ಹಾಕದೆ, ಹುಳಿ ಬರಿಸದೆ ಹಿರಿಯರ ಮನೆಯಲ್ಲೇ ಬೇಯಿಸಬೇಕು. ಅವ್ವನ ಕಾಲದಲ್ಲಿ ಅವ್ವ, ಅವಳ ನಂತರ ನಾನು. ವೈರ ಇಟ್ಟುಕೊಂಡವರು ಮೊದಲು ರಾಜಿಯಾಗಬೇಕು, ಆಮೇಲೆ ರೊಟ್ಟಿಗೆ ಕೈ ಚಾಚಬೇಕು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ತಿಂಗಳೆಲ್ಲ ಮುಖ ತಿರುವಿಕೊಂಡ ಅತ್ತೆ ಸೊಸೆಯರು ಶನಿವಾರ ಸಂಜೆಗೆ "ಚಾ ಕುಡದೇನವಾ" ಅಂತ ಮಾತು ತೆಗೆಯುತ್ತಾರಲ್ಲ, ಅದಕ್ಕೇ. ನಾನು ರಾಜಿಯಾಗುವುದು ಯಾರ ಜೊತೆ? ಮನೆಯಲ್ಲಿ ರೊಟ್ಟಿ ಮಾಡಿ ನಿನ್ನ ಕೈಗೆ ಕೊಟ್ಟು, ಚರ್ಚಿನಲ್ಲಿ ಕೈ ಸೆರಗಿನೊಳಗೆ ಇಟ್ಟುಕೊಂಡು ಕೂತೆ. ನೀನು ತಟ್ಟೆ ಹಿಡಿದು ಬೆಂಚಿನಿಂದ ಬೆಂಚಿಗೆ ಬಂದೆ. ನನ್ನ ಮುಂದೆ ನಿಲ್ಲುತ್ತೀಯ, ಕಣ್ಣಿನಲ್ಲಾದರೂ ತಗೋ ಅನ್ನುತ್ತೀಯ ಅಂದುಕೊಂಡಿದ್ದೆ. ಜನರಿಲ್ಲದ ಸ್ಟಾಪ್ ಬಿಟ್ಟು ಹೋಗುವ ಬಸ್ಸಿನ ಹಾಗೆ ದಾಟಿ ಹೋದೆ. ಆ ತಿಂಗಳು, ಮರುತಿಂಗಳು, ವರ್ಷಗಟ್ಟಲೆ. ಕೊಂದವನ ಕೈ ಹಿಡಿಯಲು ಬೆಳಗಾವಿಗೆ ಹೋಗುವವನಿಗೆ ಮಗಳ ಮುಂದೆ ಒಂದು ಗಳಿಗೆ ನಿಲ್ಲಲು ಆಗುವುದಿಲ್ಲವೇ ಅಂತ ನನಗೆ ಎಷ್ಟು ನೋವಾಯಿತು ಗೊತ್ತಾ?

ಒಮ್ಮೆ ಮಾತ್ರ ಬಾಯಿಬಿಟ್ಟು ಜಗಳವಾಡಿದೆವು, ಘಟಪ್ರಭಾ ಸ್ಟೇಶನ್ನಿನಲ್ಲಿ. ರೈಲು ತಡವಾಗಿತ್ತು, ನನಗೆ ತಡೆಯಲಾಗಲಿಲ್ಲ. "ಕೊಂದವ ಅತ್ತು ಕರದು ಪಾಪದಿಂದ ರಕ್ಷಣಾ ತಗೊಂಡ. ಸತ್ತವಗ ಪ್ರಾರ್ಥನಾ ಮಾಡಾಕೂ ಟೈಮ್ ಸಿಗಲಿಲ್ಲ. ಇದೆಂಥಾ ನ್ಯಾಯ ನಿನ್ನ ದೇವರದು?" ಅಂದೆ. ನೀನು ಹಳಿ ನೋಡುತ್ತ ಕೂತಿದ್ದೆ. "ಪ್ರಭಾಕರನ್ನ ದೇವರು ಮರತಾನ ಅಂತ ಯಾರು ಹೇಳಿದ್ರು ನಿಂಗ?" ಅಂದೆ. "ಹಂಗಾದ್ರ ನಾಳೆ ಪರಲೋಕದಾಗ ಇಬ್ರೂ ಎದುರಾದ್ರ?" ಅಂತ ಕೆಣಕಿದೆ. ನೀನು ಹಳಿಯಿಂದ ಕಣ್ಣು ತೆಗೆಯದೆ, "ಅವರಿಬ್ರೂ ಮಾತಾಡ್ಕೋತಾರ ಬಿಡು. ಡ್ರೈವರ್‌ಗೋಳು, ಹಾದಿ ಮ್ಯಾಲಿಂದು ಹಾದ್ಯಾಗ ಬಗಿಹರಸ್ಕೋತಾರ. ನಮ್ಮಿಬ್ಬರದು ಹೇಳು" ಅಂದೆ. ನಮ್ಮಿಬ್ಬರದು ಏನು ಅಂತ ನಾನು ಕೇಳಬೇಕಿತ್ತು. ಅಷ್ಟರಲ್ಲಿ ರೈಲು ಬಂತು, ಸೀಟು ಹಿಡಿಯಲು ಓಡಿದೆವು.

ಕೊನೆಗೆ ಘಟಪ್ರಭಾದ ಆಸ್ಪತ್ರೆಯಲ್ಲಿ ನೀನು ಮಲಗಿದ್ದಾಗ ಚರ್ಚಿನ ಸಭಾಪಾಲಕರು ರೊಟ್ಟಿ, ದ್ರಾಕ್ಷಾರಸ ತಗೊಂಡು ಬಂದರು. ಹೋಗುವವರಿಗೆ ಕೊನೆಯದಾಗಿ ಕೊಡುತ್ತಾರಲ್ಲ. ಅವರು ತುಣುಕೊಂದನ್ನು ನಿನ್ನ ತುಟಿಯ ಹತ್ತಿರ ತಂದಾಗ ನೀನು ತಲೆ ಆ ಕಡೆ ಹೊರಳಿಸಿದೆ. ಮತ್ತೆ ತಂದರು, ಮತ್ತೆ ಹೊರಳಿಸಿದೆ. "ನುಂಗಾಕ ಆಗವಲ್ದ್ರಿ ಅವರಿಗೆ, ಬಿಡ್ರಿ" ಅಂದವಳು ನಾನೇ. ಒದ್ದೆ ಬಟ್ಟೆಯಿಂದ ನಿನ್ನ ತುಟಿ ಒರೆಸಿದೆ. ನೀನು ನನ್ನನ್ನೇ ನೋಡುತ್ತಿದ್ದೆ. ಏನೋ ಹೇಳುತ್ತೀಯ ಅಂತ ಬಗ್ಗಿದೆ, "ಆಶಾ ಉಂಡಾಳೇನು?" ಅಂತ ಕೇಳಿದೆ. ಉಂಡಾಳ ಅಂದೆ. ಮರುದಿನ ಬೆಳಿಗ್ಗೆ ನೀನಿರಲಿಲ್ಲ. ಸಭೆಯ ಹಿರಿಯ ರೊಟ್ಟಿ ಇಲ್ಲದೆ ಹೋದ ಅಂತ ನಾಲ್ಕು ಜನ ಪಿಸುಗುಟ್ಟಿದರು, ಗಂಟಲು ಕಟ್ಟಿತ್ತು ಅಂತ ನಾನು ಎಲ್ಲರಿಗೂ ಹೇಳುತ್ತ ಬಂದೆ.

ನೀನು ಹೋಗಿ ವರ್ಷ ತುಂಬುವ ಮೊದಲೇ ಒಂದು ಮಧ್ಯಾಹ್ನ, ನಾನು ಖಾನಾವಳಿಯ ರೊಟ್ಟಿ ಬಡಿಯುತ್ತಿದ್ದಾಗ, ಹಿತ್ತಲ ಬಾಗಿಲಿಗೆ ಒಬ್ಬ ಮನುಷ್ಯ ಬಂದು ನಿಂತ. ತಲೆ ಪೂರ್ತಿ ಬೆಳ್ಳಗೆ, ಕೈಯಲ್ಲೊಂದು ಚೀಲ. ಗಿರಾಕಿ ಅಂದುಕೊಂಡು, "ಎಷ್ಟು ರೊಟ್ಟಿ ಬೇಕ್ರಿ?" ಅಂದೆ.

"ರೊಟ್ಟಿ ಬ್ಯಾಡ್ರಿ. ಹಿರ್ಯಾರನ್ನ ನೋಡಾಕ ಬಂದಿದ್ನಿ. ನಾ ಯಾಕೋಬ್ರಿ."

ಕೈ ಹಿಟ್ಟಿನ ಮೇಲೆಯೇ ನಿಂತಿತು ಅಪ್ಪಾ. ಕೋರ್ಟಿನಲ್ಲಿ ನೋಡಿದ ಆ ಕರಿ ಮೀಸೆಯವನೇ ಇವನು ಅಂತ ನಂಬಲಿಕ್ಕೇ ಆಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಲಾಗಿ ಹೊಗೆ ಎದ್ದಿತು. "ನಮ್ಮಪ್ಪ ತೀರಿಕೊಂಡು ಬಾಳ ದಿನ ಆತು" ಅಂದೆ, ಅಷ್ಟೇ ಬಂತು ಬಾಯಿಗೆ. ಅವನು ಅಲ್ಲೇ ನೆಲದ ಮೇಲೆ ಕುಸಿದು ಕೂತ. ಸನ್ನಡತೆಯ ಮೇಲೆ ಬಿಟ್ಟಿದ್ದಾರಂತೆ. ಊರಿಗೆ ಹೋದರೆ ಅಣ್ಣತಮ್ಮಂದಿರು ಹೊಸ್ತಿಲು ತುಳಿಸಲಿಲ್ಲವಂತೆ. ಜೈಲಿಗೆ ನೀನು ಬರುವುದು ನಿಂತಾಗ, ಆರಾಮಿಲ್ಲ, ಎದ್ದ ಮೇಲೆ ಬರುತ್ತಾರೆ ಅಂದುಕೊಂಡಿದ್ದನಂತೆ. ಮುಖ ಒರೆಸಿಕೊಂಡು ಅವನು ಕೇಳಿದ ಮೊದಲ ಮಾತು ಏನು ಗೊತ್ತಾ? "ಕಡೀಕಾದ್ರೂ ತಗೊಂಡ್ರೇನ್ರೀ ಅವರು?"

"ಏನು ತಗೊಂಡ್ರು?"

"ರೊಟ್ಟಿರಿ. ಪ್ರಭು ಭೋಜನದ್ದು. ಜೈಲಿನ್ಯಾಗ ನಮಗೆಲ್ಲ ಕೊಡ್ತಿದ್ರು, ತಾವು ತಗೊಳ್ತಿರಲಿಲ್ಲ. ಆಗ ಎಲ್ಲಾರೂ ಕಣ್ಣ ಮುಚ್ಚಿರ್ತಾರ. ಜೈಲಿನ್ಯಾಗ ಇದ್ದವರು ಕಣ್ಣ ಪೂರಾ ಮುಚ್ಚೂದಿಲ್ರಿ, ರೂಢಿ. ಹಿಂಗಾಗಿ ನಾ ನೋಡಿದ್ನಿ. ನನ್ನ ಮ್ಯಾಲಿನ ಸಿಟ್ಟು ಹೋಗಿಲ್ಲೇನ್ರಿ ಅಂತ ಕೇಳಿದ್ನಿ. 'ನಿನ್ನ ಕ್ಷಮಿಸೇನಿ ಯಾಕೋಬ, ಅದು ಮುಗದ ಹೋತು' ಅಂದ್ರು. 'ಆದ್ರ ಮಗಳನ್ನ ಹಿಂದ ಬಿಟ್ಟು ಆ ಮೇಜಿಗೆ ನಾ ಒಬ್ನ ಹೋಗಾಕ ಒಲ್ಲೆ. ಆಕಿ ಪಾಳಿ ಮೊದಲ, ಆಮ್ಯಾಲ ನಂದು' ಅಂದ್ರು. ಊರಾಗಿನ ಚರ್ಚಿನ್ಯಾಗೂ ಹಂಗ ಅಂತ್ರಿ, ನೀವು ತಗೊಳ್ಳೂದು ಬಿಟ್ಟಾಗಿಂದ."

ನಾನು ಬಾಗಿಲು ಮುಚ್ಚಿದೆ. ಅವನ ಮುಖದ ಮೇಲೆಯೇ. ಒಳಗೆ ಬಂದು ಒಲೆಯ ಮುಂದೆ ಕೂತೆ, ಹಿಟ್ಟೆಲ್ಲ ಒಣಗಿ ಹೋಯಿತು. ಹಿರಿಯರು ಎಲ್ಲರಿಗೂ ಕೊಟ್ಟು, ತಟ್ಟೆ ಮೇಜಿನ ಮೇಲಿಟ್ಟು, ಕೊನೆಗೆ ತಾವು ತಗೊಳ್ಳುತ್ತಾರೆ. ಆಗ ಇಡೀ ಸಭೆ ತಲೆ ಬಾಗಿಸಿರುತ್ತದೆ. ನಾನಂತೂ ಸಿಟ್ಟಿನಲ್ಲಿ ನಿನ್ನ ಕಡೆ ನೋಡುತ್ತಲೇ ಇರಲಿಲ್ಲ. ಹಾಗಾದರೆ ಅಷ್ಟೂ ವರ್ಷ... ನಾನು ಮಾಡಿಕೊಟ್ಟ ರೊಟ್ಟಿಯನ್ನು ಊರಿಗೆಲ್ಲ ಹಂಚಿ ನೀನು ಬರಿಗೈಯಲ್ಲಿ ಕೂತಿದ್ದೆಯಾ? ಆಸ್ಪತ್ರೆಯಲ್ಲಿ ನೀನು ತಲೆ ಹೊರಳಿಸಿದ್ದು ಗಂಟಲಿಗಲ್ಲ, ನನಗಾಗಿ. ಆ ಗಳಿಗೆಯಲ್ಲೂ ನನ್ನ ಪಾಳಿ ಕಾಯುತ್ತಿದ್ದೆ. ನಾನು ಬಟ್ಟೆಯಿಂದ ತುಟಿ ಒರೆಸಿದೆ. ಅಪ್ಪಾ, ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಹೇಳಿದ್ದರೆ ನಾನು ನಿನಗಾಗಿ ಒಂದು ತುಣುಕು ತಿಂದುಬಿಡುತ್ತಿದ್ದೆ. ಅದಕ್ಕೇ ಹೇಳಲಿಲ್ಲ ಅಲ್ಲವೇ? ನಿನ್ನ ದಾಕ್ಷಿಣ್ಯಕ್ಕೆ ತಿನ್ನುವ ರೊಟ್ಟಿ ಅದಲ್ಲ ಅಂತ. ನಿನ್ನ ಹಟಕ್ಕೆ ಬೆಂಕಿ ಬೀಳಲಿ. ನಾನು ಅವತ್ತು ಅತ್ತಷ್ಟು ನಿನ್ನ ಮಣ್ಣಿನ ದಿನವೂ ಅತ್ತಿರಲಿಲ್ಲ.

ಸಭಾಪಾಲಕರು ಮುಂದಿನ ವಾರ ಮನೆಗೆ ಬಂದು ಚಾ ಲೋಟ ಹಿಡಿದು ಬಹಳ ಹೊತ್ತು ತಡವರಿಸಿದರು. ಯಾಕೋಬನಿಗೆ ಕೊಣ್ಣೂರಿನಲ್ಲಿ ಕಬ್ಬಿನ ಹೊಲ ಕಾಯುವ ಕೆಲಸ ಸಿಕ್ಕಿದೆ, ನಮ್ಮ ಚರ್ಚಿಗೆ ಬರಬೇಕು ಅನ್ನುತ್ತಾನೆ, ಕೆಲವರಿಗೆ ಮನಸ್ಸಿಲ್ಲ ಅಂದರು. "ರೂತವ್ವಾ, ನೀವು ಬ್ಯಾಡ ಅಂದ್ರ ಬ್ಯಾಡ. ಬ್ಯಾರೆ ಕಡೆ ಹೋಗಂತ ನಾನ ಹೇಳ್ತೀನಿ ಅವಗ." ಬೇಡ ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. "ದೇವರ ಮನಿಗೆ ನಾ ಯಾವಾಗ ಗೇಟ್‌ಕೀಪರ್ ಆದ್ನಿರಿ?" ಅಂದುಬಿಟ್ಟೆ. ಅವರಿಗೆ ಅದು ಒಪ್ಪಿಗೆಯೋ ಬೈಗಳೋ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ತಿಳಿದಿರಲಿಲ್ಲ.

ಹೋದ ತಿಂಗಳ ಮೊದಲ ಭಾನುವಾರ ಅವನು ಬಂದ. ಚಪ್ಪಲಿ ಬಿಡುವಲ್ಲಿ, ಕಟ್ಟಕಡೆಯ ಬೆಂಚಿನ ತುದಿಗೆ ಕೂತ. ಪಕ್ಕದಲ್ಲಿದ್ದವರು ಸರಿದು ಕೂತರು. ತಟ್ಟೆ ಎಂದಿನಂತೆ ನನ್ನನ್ನು ದಾಟಿ ಹೋಯಿತು, ಕೊನೆಯ ಬೆಂಚು ಮುಟ್ಟಿತು. ನಾನು ಅವತ್ತು ಕಣ್ಣು ಮುಚ್ಚಿರಲಿಲ್ಲ, ತಿರುಗಿ ನೋಡಿದೆ. ಯಾಕೋಬ ಕೈ ಕಟ್ಟಿಕೊಂಡು ತಲೆ ಅಲ್ಲಾಡಿಸಿದ. ಜೈಲಿನಲ್ಲಿ ನಿನ್ನ ಕೈಯಿಂದ ತಗೊಂಡವನು ಇಲ್ಲಿ ನಾನು ತಗೊಳ್ಳಲಿಲ್ಲ ಅಂತ ಬಿಟ್ಟುಬಿಟ್ಟ. ಪಾಳಿ ಮುರಿದವನು ಪಾಳಿ ಕಾಯುತ್ತ ಕೂತಿದ್ದ. ನನಗೆ ಮರುಕ ಬರಲಿಲ್ಲ, ಸಿಟ್ಟೇ ಬಂತು. ಒಬ್ಬನಂತೂ ನನ್ನ ಸಲುವಾಗಿ ಉಣ್ಣದೆ ಹೋದ, ಈಗ ಇವನು ಶುರುಮಾಡಿದನೇ? ನನ್ನ ನೋವು ನನ್ನೊಬ್ಬಳದು, ನಾನು ಹೊತ್ತುಕೊಂಡು ತಿರುಗುತ್ತೇನೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅದರ ಉಪವಾಸ ಯಾರು ಯಾರು ಮಾಡಿದರು ಅಂತ ನಾನು ನೋಡಿರಲೇ ಇಲ್ಲ.

ನೀನು ಹೋದ ಮೇಲೂ ಚರ್ಚಿನ ರೊಟ್ಟಿ ಮಾಡುವುದು ನಾನೇ. ಈ ತಿಂಗಳು ಶನಿವಾರ ಅದರ ಹಿಟ್ಟು ನಾದುವಾಗ ಪ್ರಭಾಕರನ ಜೊತೆ ಮಾತಾಡಿದೆ. ಬೇಡ ಅನ್ನುವುದಾದರೆ ಈಗಲೇ ಹೇಳು ಅಂದೆ. ಅವನು ಬದುಕಿದ್ದಾಗಲೂ ಇಂಥ ಮಾತಿಗೆ "ನಿನ್ನ ಮನಸಿಗೆ ಬಂದಂಗ ಮಾಡು" ಅನ್ನುತ್ತಿದ್ದ. ಆಶಾ ಬಂದು ಪಕ್ಕದಲ್ಲಿ ಕೂತಳು. ನಾನು ಎಲ್ಲವನ್ನೂ ಹೇಳಿದೆ. ತಂದೆಯ ಮುಖ ನೆನಪೇ ಇಲ್ಲದ ಹುಡುಗಿ, ಅವಳಿಗೆ ನನಗಿಂತ ಹೆಚ್ಚು ಹಕ್ಕಿದೆ ಅನ್ನಿಸಿತು. ಅವಳೂ ಒಂದು ಉಂಡೆ ಹಿಟ್ಟು ತಗೊಂಡು ನಾದಿದಳು. "ಅವ್ವಾ, ನೀ ಅವನ ಜೋಡಿ ಮಾತಾಡಬೇಕೇನು?" ಅಂತ ಕೇಳಿದಳು. "ಇನ್ನೂ ಇಲ್ಲ" ಅಂದೆ. "ಹಂಗಾದ್ರ ನಾಳೆ ನಾ ನಿನ್ನ ಬಾಜೂಕ ಕುಂದರ್ತೀನಿ" ಅಂದಳು.

ಭಾನುವಾರ ತಟ್ಟೆ ಹಿಡಿದು ಬಂದದ್ದು ನಿನ್ನ ಜಾಗಕ್ಕೆ ಬಂದ ಹೊಸ ಹಿರಿಯರು. ರೂಢಿಯಂತೆ ನನ್ನನ್ನು ಬಿಟ್ಟು ಮುಂದೆ ಹೆಜ್ಜೆ ಇಟ್ಟಿದ್ದರು. "ನಿಲ್ರಿ" ಅಂದೆ. ಚರ್ಚಿಗೆಲ್ಲ ಕೇಳಿಸಿತು. ಕ್ಷಮಿಸಿದೆ ಅಂತ ನಿನಗೆ ಬರೆದರೆ ಸುಳ್ಳಾಗುತ್ತದೆ ಅಪ್ಪಾ. ಅವನ ಮುಖ ನೋಡಿದರೆ ಇವತ್ತಿಗೂ ಆ ರಾಡೇ ಕಣ್ಣಿಗೆ ಬರುತ್ತದೆ. ಆದರೂ ಕೈ ಚಾಚಿದೆ. "ದೇವರೇ, ನನಗೆ ಆಗುತ್ತಿಲ್ಲ, ನಿನಗೆ ಆಗುವುದಾದರೆ ಮಾಡು" ಅಂತ ಇಷ್ಟೇ ಅಂದೆ, ಇಷ್ಟೇ ಬಂತು. ತುಣುಕನ್ನು ಬಾಯಿಗಿಟ್ಟೆ. ನನ್ನದೇ ಕೈಯ ರೊಟ್ಟಿ, ಅದರ ರುಚಿ ನನಗೆ ಮರೆತೇ ಹೋಗಿತ್ತು. ತಟ್ಟೆ ಕೊನೆಯ ಬೆಂಚು ಮುಟ್ಟಿರಬೇಕು, ಅಲ್ಲಿಂದ ದೊಡ್ಡ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ನಾನು ತಿರುಗಲಿಲ್ಲ. ಆಶಾ ನನ್ನ ಕೈ ಹಿಡಿದುಕೊಂಡಿದ್ದಳು.

ಹೊರಗೆ ಅವನು ನನಗಾಗಿ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಿದ್ದ. ನಾನು ಮಾತಾಡಿಸದೆ ದಾಟಿ ಬಂದೆ. ಮುಂದಿನ ತಿಂಗಳು ಏನಾಗುತ್ತದೋ ಗೊತ್ತಿಲ್ಲ. ಒಂದು ಮಾತು ಮಾತ್ರ ಕೊಡುತ್ತೇನೆ: ಇನ್ನು ಮೇಲೆ ನನ್ನಿಂದಾಗಿ ಯಾರೂ ಆ ಮೇಜಿನಿಂದ ಹಸಿದು ಏಳುವುದಿಲ್ಲ. ನಿನ್ನ ಸಮಾಧಿಯ ಹತ್ತಿರ ಬಂದು ಇದನ್ನು ಹೇಳಬೇಕು ಅಂದುಕೊಂಡೆ, ಅಳು ಬಂದರೆ ಮಾತು ಬರುವುದಿಲ್ಲ ಅಂತ ಬರೆದೆ.

ನನ್ನ ಪಾಳಿ ಆಯಿತು ಅಪ್ಪಾ. ಇನ್ನು ನಿನ್ನದು. ತಗೋ.

ನಿನ್ನ ಮಗಳು,
ರೂತಿ